ವಾಸನೆ ನೋಡಿದವರು

ದೂರು ಕೊಟ್ಟ ಮೇಲೂ ಆ ಹೆಂಗಸು ಬೆಂಚು ಬಿಟ್ಟು ಏಳಲಿಲ್ಲ. ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ಸಿಟಿ ಬಸ್ಸಿನ ಕಂಡಕ್ಟರ್ ಆಕೆ; ಡ್ಯೂಟಿಯ ಸಮವಸ್ತ್ರದಲ್ಲೇ ಬಂದಿದ್ದಳು, ಟಿಕೆಟ್ ಮಷೀನು ಇನ್ನೂ ಕುತ್ತಿಗೆಯಲ್ಲಿ ತೂಗುತ್ತಿತ್ತು. ಅವಳ ತಮ್ಮ ಪ್ರಾಣಿರೋಗ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್. ವಾರಗಳಿಂದ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು, ಈಗ ಸೊಂಟ ನೆಟ್ಟಗೆ ಮಾಡಲೂ ಆಗದೆ ಆಸ್ಪತ್ರೆ ಸೇರಿದ್ದ. ಅವನು ಕೆಲಸದಲ್ಲಿ ಮುಟ್ಟಿದ ಯಾವುದೋ ರೋಗಾಣುವೇ ಇದಕ್ಕೆ ಕಾರಣವೆಂದು ಡಾಕ್ಟರಿಗೆ ಅನುಮಾನ. ಅದರ ಮಾದರಿ ಕೊಡಿ ಎಂದು ಕೇಳಿದರೆ ಲ್ಯಾಬಿನವರು ಈಗ ನಮ್ಮಲ್ಲಿಲ್ಲ ಎನ್ನುತ್ತಿದ್ದರು. ಇದ್ದದ್ದು ಇಲ್ಲವಾದದ್ದು ಹೇಗೆ ಎಂಬುದೇ ಆಕೆಯ ದೂರು.

ಇನ್‌ಸ್ಪೆಕ್ಟರ್ ಎರಡು ಸಲ ಓದಿದ. ಓದಿದಷ್ಟೂ ಇದು ತನ್ನ ತಲೆಗೆ ಬರುವುದು ಬೇಡ ಅನ್ನಿಸಿತು.

"ನೋಡಮ್ಮ, ಇದು ಪೊಲೀಸ್ ಕೇಸಲ್ಲ. ಆರೋಗ್ಯ ಇಲಾಖೆಗೆ ಹೋಗು."

"ಹೋಗಿದ್ದೆ ಸಾರ್. ಅವರು ಪ್ರಾಣಿ ಇಲಾಖೆಗೆ ಹೋಗು ಅಂದ್ರು. ಪ್ರಾಣಿ ಇಲಾಖೆಯವರು ಲ್ಯಾಬಲ್ಲೇ ಕೇಳು ಅಂದ್ರು. ಲ್ಯಾಬಿನವರು ಗೇಟೇ ತೆಗೀಲಿಲ್ಲ. ಇದು ಕೊನೇ ಸ್ಟಾಪು. ನಾನಿಲ್ಲಿ ಇಳಿಯಲ್ಲ."

"ಏನು ಮುಟ್ಟಿದ್ದಾನಂತೆ ನಿನ್ನ ತಮ್ಮ?"

"ಕಪ್ಪೆ."

ಮೂಲೆಯಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಕೆಮ್ಮಿದ. ಅದು ಕೆಮ್ಮಲ್ಲ, ನುಂಗಿಕೊಂಡ ನಗು ಎಂದು ಠಾಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಆಕೆಗೂ ಗೊತ್ತಾಯಿತು. "ನಗಿ ಸಾರ್, ನಗಿ. ಅವನಿಗಿನ್ನೂ ಮೂವತ್ತು ತುಂಬಿಲ್ಲ. ಕಾಲು ಹೋಗಬಹುದು ಅಂತ ಡಾಕ್ಟರಮ್ಮ ಹೇಳಿದಾರೆ," ಎಂದು ಆಸ್ಪತ್ರೆಯ ಚೀಟಿಯನ್ನು ಮೇಜಿನ ಮೇಲಿಟ್ಟಳು. ಹೆಡ್ ಕಾನ್‌ಸ್ಟೆಬಲ್‌ನ ಕೆಮ್ಮು ನಿಂತಿತು. ರೋಗ ಹರಡಬಹುದಾದ ನಿರ್ಲಕ್ಷ್ಯ ಮತ್ತು ಸಾಕ್ಷ್ಯನಾಶ ಎಂದು ಎರಡು ಕಲಮು ಹಾಕಿ ಎಫ್‌ಐಆರ್ ದಾಖಲಾಯಿತು. ಆಗ ಆಕೆ ಎದ್ದಳು.

ಆಸ್ಪತ್ರೆಯ ಡಾಕ್ಟರಮ್ಮ ನಿಂತುಕೊಂಡೇ ಮಾತಾಡಿದರು. ಅವರಿಗೂ ರೇಗಿತ್ತು.

"ದನ, ಆಡುಗಳಿಂದ ಮನುಷ್ಯರಿಗೆ ಬರೋ ಒಂದು ಜ್ವರ ಇದೆ. ಬ್ರುಸೆಲ್ಲಾ ಅನ್ನೋ ರೋಗಾಣುವಿಂದ ಬರುತ್ತೆ. ಅದರದೇ ಸಂಬಂಧಿಕರು ಕಪ್ಪೆಗಳಲ್ಲೂ ಇದಾರೆ. ಆದರೆ ನಡತೆ ಬೇರೆ. ಇದು ಬೇಗ ಬೆಳೆಯುತ್ತೆ, ಈಜಾಡುತ್ತೆ, ರೋಗಾಣು ಗುರುತಿಸೋ ಮಷೀನಿಗೆ ಹಾಕಿದರೆ ಮಣ್ಣಲ್ಲಿರೋ ಪಾಪದ ರೋಗಾಣು ಅಂತ ತೋರಿಸುತ್ತೆ. ಇವನಿಗೆ ಅದೇ ಅಂತ ನನ್ನ ಅನುಮಾನ."

"ಇವನ ರಕ್ತದಲ್ಲಿ ಸಿಗಲ್ವಾ ಮೇಡಂ?"

"ಮನೆ ಹತ್ತಿರದ ಕ್ಲಿನಿಕ್ಕಲ್ಲಿ ಮೊದಲೇ ಸಿಕ್ಕಸಿಕ್ಕ ಮಾತ್ರೆ ಕೊಟ್ಟಿದಾರೆ. ರಕ್ತದಲ್ಲಿ ಏನೂ ಬೆಳೀತಿಲ್ಲ. ಬೆನ್ನುಮೂಳೆಯೊಳಗೆ ಕೂತಿದೆ. ದನದ ಜ್ವರಕ್ಕೆ ಮಾಡೋ ಪರೀಕ್ಷೆಯಲ್ಲೂ ಬರ್ತಿಲ್ಲ. ಯಾವ ಔಷಧಿಗೆ ಬಗ್ಗುತ್ತೆ ಅಂತ ಗೊತ್ತಾಗಬೇಕಾದರೆ ನನಗೆ ಆ ರೋಗಾಣು ಜೀವಂತವಾಗಿ ಬೇಕು. ಕಪ್ಪೆಯದಾದರೂ ಸರಿ. ನರಕ್ಕೆ ಒತ್ತೋಕೆ ಮುಂಚೆ ಬೇಕು."

ಇನ್‌ಸ್ಪೆಕ್ಟರ್ ಎಷ್ಟೋ ಕೇಸುಗಳಲ್ಲಿ ಚಾಕು ಹುಡುಕಿದ್ದ, ಮೊಬೈಲು ಹುಡುಕಿದ್ದ, ಒಮ್ಮೆ ಕೆರೆಯ ಕೆಸರಲ್ಲಿ ಉಂಗುರವನ್ನೂ ಹುಡುಕಿದ್ದ. ಕಣ್ಣಿಗೇ ಕಾಣದ್ದನ್ನು ಜೀವಸಹಿತ ಹುಡುಕಿ ತರುವ ಕೆಲಸ ಇದೇ ಮೊದಲು.

ತಮ್ಮ ಮಗ್ಗುಲಿಗೆ ತಿರುಗಿ ಮಲಗಿದ್ದ. ಪಕ್ಕದ ಸ್ಟೂಲಿನ ಮೇಲೆ ಪುಟ್ಟ ಟೇಬಲ್ ಫ್ಯಾನು ಗರಗರ ಸುತ್ತುತ್ತಿತ್ತು. ಹೇಳಿಕೆಯನ್ನು ಮಹಿಳಾ ಕಾನ್‌ಸ್ಟೆಬಲ್ ಬರೆದುಕೊಂಡಳು.

"ಕಪ್ಪೆ ಎಲ್ಲಿಂದ ಬಂತು?"

"ಸಾಕುಪ್ರಾಣಿ ಅಂಗಡಿಯಿಂದ ಸಾರ್. ಗಾಜಿನ ಪೆಟ್ಟಿಗೇಲಿ ಸಾಕೋ ಹಸಿರು ಕಪ್ಪೆಗಳು. ಸತ್ತವನ್ನ ಕಳಿಸಿದ್ರು. ಊದಿಕೊಂಡಿದ್ವು."

"ನೀನೇನು ಮಾಡಿದೆ?"

"ಕೊಯ್ದು, ರೋಗಾಣು ಬೆಳೆಸೋ ಪ್ಲೇಟಿಗೆ ಹಾಕಿದ್ವಿ. ಎರಡು ದಿನಕ್ಕೆ ಬೆಳೀತು."

"ಕೈಗವಸು ಹಾಕಿದ್ದೆಯಾ?"

"ಹಾಕಿದ್ದೆ."

"ಮತ್ತೆ ಹೇಗೆ ತಗುಲ್ತು?"

ಅವನು ಫ್ಯಾನಿನತ್ತ ಮುಖ ತಿರುಗಿಸಿದ. "ವಾಸನೆ ನೋಡಿದೆ ಸಾರ್. ಪ್ಲೇಟಿನ ಮುಚ್ಚಳ ತೆಗೆದು. ನೋಡಬಾರದು ಅಂತ ಗೋಡೆ ಮೇಲೆ ಬೋರ್ಡೇ ಇದೆ. ಆದರೆ ನಮ್ಮಲ್ಲಿ ಎಲ್ಲರೂ ನೋಡ್ತಾರೆ. ಒಂದಕ್ಕೆ ದ್ರಾಕ್ಷಿ ವಾಸನೆ, ಒಂದಕ್ಕೆ ಬಾದಾಮಿ, ಒಂದಕ್ಕೆ ಹಳೇ ಸಾಕ್ಸು. ಮಷೀನಿಗೆ ಮುಂಚೆ ಮೂಗಿಗೆ ಗೊತ್ತಾಗುತ್ತೆ."

"ನೋಡು ಅಂತ ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ," ಎಂದು ಅವನು ಕಣ್ಣು ಮುಚ್ಚಿದ.

ಹೊರಗೆ ಅಕ್ಕ ಹೇಳಿದಳು: "ಲ್ಯಾಬಿಂದ ಒಬ್ಬರೂ ಇತ್ತ ತಲೆ ಹಾಕಿಲ್ಲ ಸಾರ್. ಅಲ್ಲಿನ ದೊಡ್ಡಣ್ಣ ಅನ್ನೋರು ಒಬ್ಬರು ಮಾತ್ರ ದಿನಾ ಸಂಜೆ ಬರ್ತಾರೆ. ಇವನಿಗೆ ಕೆಲಸ ಕಲಿಸಿದವರು ಅವರೇ. ಆ ಫ್ಯಾನೂ ಅವರೇ ತಂದಿಟ್ಟಿದ್ದು."

ಪ್ರಯೋಗಾಲಯದ ಮುಖ್ಯಸ್ಥೆ ಇನ್‌ಸ್ಪೆಕ್ಟರನನ್ನು ಮುಕ್ಕಾಲು ಗಂಟೆ ಕಾಯಿಸಿದರು. ಕೊನೆಗೆ ಮಷೀನು ಕೊಟ್ಟ ಫಲಿತಾಂಶದ ಹಾಳೆಯನ್ನು ಗುರಾಣಿಯಂತೆ ಮುಂದೆ ಹಿಡಿದು ಬಂದರು. ಮಣ್ಣಿನ ರೋಗಾಣು, ಅಪಾಯವಿಲ್ಲ ಎಂದು ಅದರಲ್ಲಿತ್ತು.

"ಮಷೀನಿಗೆ ತಪ್ಪಾಗಿರಬಹುದು ಅಂತ ಆಸ್ಪತ್ರೆಯವರು ಹೇಳ್ತಿದಾರೆ."

"ಆಸ್ಪತ್ರೆಯವರು ಬರವಣಿಗೆಯಲ್ಲಿ ಕೇಳಲಿ."

"ಕೇಳಿದಾರೆ."

"ನಿಗದಿತ ನಮೂನೆಯಲ್ಲಿ ಕೇಳಿಲ್ಲ."

ಇನ್‌ಸ್ಪೆಕ್ಟರ್ ಹಲ್ಲು ಕಚ್ಚಿಕೊಂಡ. ಒಬ್ಬ ಮನುಷ್ಯನ ಕಾಲು ನಮೂನೆಗೆ ಕಾಯುತ್ತ ಮಲಗಿದೆ ಎಂದು ಹೇಳಬೇಕೆನಿಸಿತು. ಹೇಳಿದರೆ ಅದನ್ನೂ ಬರವಣಿಗೆಯಲ್ಲೇ ಕೇಳುತ್ತಾರೆ ಎಂದು ಸುಮ್ಮನಾದ.

ಮಷೀನು ಏನೇ ಹೇಳಲಿ, ಪ್ಲೇಟಿನಲ್ಲಿ ಬೆಳೆದದ್ದರಿಂದ ಒಂದು ಪುಟ್ಟ ಸೀಸೆಯಷ್ಟನ್ನು ತೆಗೆದು ಫ್ರೀಜರಿನಲ್ಲಿಡುವುದು ಅಲ್ಲಿನ ಪದ್ಧತಿ. ತಣ್ಣಗೆ ಕೊರೆಯುವ ಒಳಕೋಣೆಯಲ್ಲಿ ಆ ಫ್ರೀಜರನ್ನು ತೆರೆದು ತೋರಿಸಿದವನು ದೊಡ್ಡಣ್ಣ. ಅಲ್ಲಿನ ಹಿರಿಯ ತಜ್ಞ, ಐವತ್ತು ದಾಟಿದವನು. ಮುಖ್ಯಸ್ಥೆಯೂ ಅವನನ್ನು ಹಾಗೆಯೇ ಕರೆಯುತ್ತಿದ್ದರು. ಚೌಕ ಗುಂಡಿಗಳ ಡಬ್ಬಿಯಲ್ಲಿ ಸೀಸೆಗಳು ಒತ್ತೊತ್ತಾಗಿ ನಿಂತಿದ್ದವು. ಕಪ್ಪೆಯ ಸೀಸೆ ಇರಬೇಕಾದ ಗುಂಡಿ ಖಾಲಿ. ಸುತ್ತಲೂ ಹಿಮದ ಹುಡಿ ಕೂತಿತ್ತು, ಆ ಒಂದು ಗುಂಡಿಯ ಅಂಚು ಮಾತ್ರ ಸ್ವಚ್ಛವಾಗಿತ್ತು.

"ಈಚೆಗೆ ತೆಗೆದಿದ್ದಾರೆ ಅಲ್ವಾ?"

"ಇರಬಹುದು ಸಾರ್," ಎಂದ ದೊಡ್ಡಣ್ಣ.

"ಬೀಗದ ಕೈ ಯಾರ ಹತ್ತಿರ ಇರುತ್ತೆ?"

"ಬಾಗಿಲ ಹಿಂದೆ ಮೊಳೆಗೆ ನೇತು ಹಾಕಿರ್ತೀವಿ."

"ಪ್ಲೇಟುಗಳು?"

"ಕೆಲಸ ಮುಗಿದ ಮೇಲೆ ಆವಿಯಂತ್ರಕ್ಕೆ ಹಾಕಿ ಬೇಯಿಸಿಬಿಡ್ತೀವಿ. ಅದು ನಿಯಮ."

ಕ್ಯಾಮೆರಾ ಇತ್ತು. ಗೋಡೆಗೆ ಸುಣ್ಣ ಬಳಿಯುವಾಗ ಯಾರೋ ಅದನ್ನು ಚಾವಣಿಯ ಕಡೆ ತಿರುಗಿಸಿದ್ದರು. ತಿಂಗಳುಗಟ್ಟಲೆ ಅದು ಒಂದೇ ಟ್ಯೂಬ್‌ಲೈಟನ್ನು ಶ್ರದ್ಧೆಯಿಂದ ಚಿತ್ರೀಕರಿಸಿತ್ತು. ಫ್ರೀಜರಿಗೆ ಕೊನೆಗೆ ಕೈ ಹಾಕಿದವರು ಯಾರು ಎಂದು ಕೇಳಿದರೆ ಒಬ್ಬೊಬ್ಬರೂ ಇನ್ನೊಬ್ಬರತ್ತ ಕೈ ತೋರಿಸಿದರು, ತೋರಿಸಿಕೊಂಡವರು ರಜೆಯಲ್ಲಿದ್ದೆ ಎಂದರು. ಅವರನ್ನು ಒಂದು ಮಾತಿಗೆ ನಿಲ್ಲಿಸುವುದು ಕಪ್ಪೆ ತೂಗುವ ಕೆಲಸವೇ ಆಯಿತು.

ಪಂಚನಾಮೆಗೆ ಎದುರಿನ ಜೆರಾಕ್ಸ್ ಅಂಗಡಿಯವನನ್ನೂ ಪಕ್ಕದ ಕಟ್ಟಡದ ಕಾವಲುಗಾರನನ್ನೂ ಪಂಚರಾಗಿ ಕರೆತಂದರು. ಜೆರಾಕ್ಸಿನವನು ಎಲ್ಲ ಕೇಳಿಸಿಕೊಂಡು, ಆ ಕೋಣೆಯ ಮೇಜಿನ ಮೇಲಿದ್ದ ಪೆನ್ನು ಮುಟ್ಟುವುದಿಲ್ಲ ಎಂದು ಕೈಕಟ್ಟಿ ನಿಂತ. "ಪೆನ್ನಿಗೇನು ಕಪ್ಪೆ ಕಚ್ಚಿದೆಯೇನಯ್ಯ?" ಎಂದು ಹೆಡ್ ಕಾನ್‌ಸ್ಟೆಬಲ್ ಗದರಿದರೂ ಜಗ್ಗಲಿಲ್ಲ. ದೊಡ್ಡಣ್ಣ ತನ್ನ ಜೇಬಿನಿಂದ ಪೆನ್ನು ತೆಗೆದು ಇನ್‌ಸ್ಪೆಕ್ಟರನ ಕೈಗಿತ್ತ. ಪೆನ್ನು ಒದ್ದೆಯಾಗಿತ್ತು. ಇನ್‌ಸ್ಪೆಕ್ಟರ್ ಅದನ್ನು ಪ್ಯಾಂಟಿಗೆ ಒರೆಸಿ ಜೆರಾಕ್ಸಿನವನಿಗೆ ದಾಟಿಸಿದ.

ಸಂಜೆ ಮೇಲಧಿಕಾರಿಯ ಫೋನು ಬಂತು.

"ಅಲ್ಲಯ್ಯ, ಕಪ್ಪೆಗೆ ಎಫ್‌ಐಆರ್ ಹಾಕಿದೀಯಂತೆ? ನಾಳೆ ಸೊಳ್ಳೆ ಮೇಲೂ ಹಾಕ್ತೀಯಾ?"

"ಸಾರ್, ಒಬ್ಬ ಮನುಷ್ಯ..."

"ಆ ಮುಖ್ಯಸ್ಥೆ ಎಲ್ಲೆಲ್ಲಿಗೋ ಫೋನ್ ಮಾಡಿದಾಳೆ. ಎರಡು ದಿನ ನೋಡು. ಏನೂ ಸಿಗದಿದ್ರೆ ಮುಚ್ಚಿ ಹಾಕು."

ಫೋನಿಟ್ಟ ಮೇಲೆ ಪಡಸಾಲೆಯಲ್ಲಿ ಯಾರೋ ವಟವಟ ಎಂದರು. ಇನ್‌ಸ್ಪೆಕ್ಟರ್ ಹೊರಗೆ ಬಂದಾಗ ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿದ್ದರು. ಬೈಯಲಿಕ್ಕೂ ಬೇಸರವಾಗಿ ಒಳಗೆ ಹೋದ.

ಮಂಗಳವಾರ ಅವನು ಸಾಕುಪ್ರಾಣಿ ಅಂಗಡಿಗೆ ಹೋದದ್ದು ಒಂದೇ ಆಸೆಯಿಂದ. ಸತ್ತ ಕಪ್ಪೆಗಳ ಜೊತೆಯವು ಅಲ್ಲಿ ಜೀವಂತವಾಗಿರಬಹುದು, ಒಂದನ್ನಾದರೂ ಡಾಕ್ಟರಮ್ಮನ ಕೈಗೆ ಕೊಡಬಹುದು. ಅಂಗಡಿ ಎಸಿಯಲ್ಲಿ ತಂಪಾಗಿತ್ತು, ಮೀನಿನ ತೊಟ್ಟಿಗಳ ನೀಲಿ ಬೆಳಕಿತ್ತು. ಮೂಲೆಯ ಗಾಜಿನ ಪೆಟ್ಟಿಗೆ ಖಾಲಿಯಿತ್ತು.

"ಹಸಿರು ಕಪ್ಪೆ ಎಲ್ಲಿ?"

"ಮಾರಾಟ ಆಯ್ತು ಸಾರ್. ಅಷ್ಟೂ ಒಬ್ಬರೇ ತಗೊಂಡ್ರು," ಎಂದ ಅಂಗಡಿಯವನು.

"ಯಾರು?"

"ಗೊತ್ತಿಲ್ಲ. ಟೋಪಿ, ಮಾಸ್ಕು ಹಾಕಿದ್ರು. ಹೋದ ವಾರ. ನಗದು ಕೊಟ್ರು."

"ಪೆಟ್ಟಿಗೆಯ ನೀರು, ಮಣ್ಣು, ಏನಾದರೂ ಉಳಿದಿದೆಯಾ?"

"ಏನೂ ಇಲ್ಲ. ಪುಣ್ಯಾತ್ಮರು ಪೆಟ್ಟಿಗೇನೂ ತಾವೇ ಬ್ಲೀಚ್ ಹಾಕಿ ತೊಳೆದುಕೊಟ್ರು. ಇಂಥ ಗಿರಾಕಿ ನನಗೆ ಜನ್ಮದಲ್ಲಿ ಸಿಕ್ಕಿಲ್ಲ."

ಇನ್‌ಸ್ಪೆಕ್ಟರನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವನು ಹೋದಲ್ಲೆಲ್ಲ ಯಾರೋ ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಗುಡಿಸಿ ಒರೆಸಿ ಇಟ್ಟಿದ್ದರು. ಲ್ಯಾಬಿನವರ ಫೋಟೊಗಳನ್ನು ಮೊಬೈಲಿನಲ್ಲಿ ತೋರಿಸಿದ. ಅಂಗಡಿಯವನು ಒಂದೊಂದಕ್ಕೂ ಗೊತ್ತಿಲ್ಲವೆಂದು ತಲೆಯಾಡಿಸಿದ. ಮಾಸ್ಕಿನ ಹಿಂದೆ ಯಾರಿದ್ದರೆಂದು ಹೇಗೆ ಹೇಳಲಿ ಎಂದ.

"ಅವರು ಏನಾದರೂ ವಿಚಿತ್ರವಾಗಿ ಮಾಡಿದ್ರಾ? ನೆನಪು ಮಾಡ್ಕೋ."

"ಒಂದು ಇದೆ ಸಾರ್. ಕಪ್ಪೆ ತಗೊಳ್ಳೋಕೆ ಮುಂಚೆ ಪೆಟ್ಟಿಗೆ ಮುಚ್ಚಳ ತೆಗೆದು, ನನಗೆ ಬೆನ್ನು ಮಾಡಿ ಮಾಸ್ಕ್ ಕೆಳಗೆಳೆದು, ಮೂಗಿಟ್ಟು ಮೂಸಿದ್ರು. ಹೂವು ಮೂಸಿದ ಹಾಗೆ. ಒಂದು ಸಲ ಅಲ್ಲ, ಮೂರ್ನಾಲ್ಕು ಸಲ. ಆಮೇಲೆ ಬೇಜಾರಾದವರ ಥರ ನಿಂತ್ರು."

ಹೆಡ್ ಕಾನ್‌ಸ್ಟೆಬಲ್ ಇನ್‌ಸ್ಪೆಕ್ಟರನ ಮುಖ ನೋಡಿದ. ಲ್ಯಾಬಿನವನೇ ಎಂಬುದು ಇಬ್ಬರಿಗೂ ಖಾತ್ರಿಯಾಯಿತು. ಆದರೆ ಅಲ್ಲಿ ಮೂಸದವರು ಯಾರು?

"ಇನ್ನೇನಾದ್ರೂ?"

"ಆರಾಮಿರಲಿಲ್ಲ ಅನ್ಸುತ್ತೆ. ಬಗ್ಗಿದವರು ಏಳುವಾಗ ಸೊಂಟ ಹಿಡ್ಕೊಂಡ್ರು. ಇಷ್ಟು ತಣ್ಣಗಿದೆ ಇಲ್ಲಿ, ಅವರ ಕೈಯೆಲ್ಲ ಬೆವರು. ಕೊಟ್ಟ ನೋಟೂ ಒದ್ದೆ."

ಇನ್‌ಸ್ಪೆಕ್ಟರ್ ತನ್ನ ಅಂಗೈ ನೋಡಿಕೊಂಡ. ಕೊರೆಯುವ ಕೋಣೆಯಲ್ಲಿ ಕೈಗೆ ಬಂದ ಒದ್ದೆ ಪೆನ್ನು ನೆನಪಾಯಿತು. ಆಗ ಹೊಳೆಯದೇ ಹೋದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಆ ಸಂಜೆ ಅವರು ಲ್ಯಾಬಿಗೆ ಹೋಗಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಕಾದರು. ದೊಡ್ಡಣ್ಣ ಆರು ಗಂಟೆಯ ಹೊತ್ತಿಗೆ ಬಂದ. ಮೆಟ್ಟಿಲನ್ನು ಒಂದೊಂದಾಗಿ, ಕಂಬಿ ಹಿಡಿದು ಹತ್ತಿದ. ವಾರ್ಡಿನ ಬಾಗಿಲ ಹತ್ತಿರ ನಿಂತು ಕರವಸ್ತ್ರದಿಂದ ಮುಖ ಒರೆಸಿಕೊಂಡು, ನಗುಮುಖ ಮಾಡಿಕೊಂಡು ಒಳಗೆ ಹೋಗುವವನನ್ನು ಇನ್‌ಸ್ಪೆಕ್ಟರ್ ತಡೆದ. ಖಾಲಿ ಇದ್ದ ನರ್ಸುಗಳ ಕೋಣೆಗೆ ಕರೆದೊಯ್ದು ಕೂರಿಸಿದ. ಬಾಗಿಲಲ್ಲಿ ಮಹಿಳಾ ಕಾನ್‌ಸ್ಟೆಬಲ್ ನಿಂತಳು.

"ಜ್ವರ ಎಷ್ಟು ದಿನದಿಂದ?"

ಸೀಸೆಯ ವಿಷಯ ಕೇಳುತ್ತಾರೆ, ಕಪ್ಪೆಯ ವಿಷಯ ಕೇಳುತ್ತಾರೆ ಎಂದು ದೊಡ್ಡಣ್ಣ ಸಿದ್ಧವಾಗಿದ್ದ. ಇದಕ್ಕೆ ಸಿದ್ಧವಾಗಿರಲಿಲ್ಲ.

"ಅವನಿಗೆ ಶುರುವಾಗಿ ಒಂದು ವಾರಕ್ಕೆ," ಎಂದ.

"ಕಪ್ಪೆ ತಗೊಂಡಿದ್ದು ನೀವೇ?"

"ನಾನೇ."

"ಎಲ್ಲಿವೆ?"

"ಆವಿಯಂತ್ರ."

"ಸೀಸೆ?"

"ಅದೂ."

"ಏನೂ ಉಳಿಸಿಲ್ವಾ? ಒಂದು ಪ್ಲೇಟು? ಒಂದು ಹತ್ತಿ ತುಂಡು?"

"ಏನೂ ಇಲ್ಲ ಸಾರ್. ನಾನು ಸರಿಯಾಗಿ ಕೆಲಸ ಮಾಡೋನು."

ಇನ್‌ಸ್ಪೆಕ್ಟರ್ ಮೇಜು ಗುದ್ದಿದ. ಔಷಧಿಯ ಟ್ರೇ ಝಲ್ಲೆಂದಿತು. "ದಿನಾ ಬಂದು ಅವನ ಪಕ್ಕ ಕೂತ್ಕೋತೀರಲ್ರೀ! ಫ್ಯಾನ್ ತಂದು ಇಡ್ತೀರಿ! ಅವನ ಕಾಲು ಉಳಿಸೋದನ್ನ ಬೇಯಿಸಿ ಹಾಕಿ, ಗಾಳಿ ಹಾಕೋಕೆ ಬರ್ತೀರಾ?"

ದೊಡ್ಡಣ್ಣ ಕರವಸ್ತ್ರವನ್ನು ಮತ್ತೆ ಮಡಿಸಿದ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಇನ್‌ಸ್ಪೆಕ್ಟರನಿಗೆ ಕೇಸು ಬಗೆಹರಿದಿತ್ತು, ಅದರಿಂದ ಎಳ್ಳಷ್ಟೂ ಸಮಾಧಾನವಾಗಲಿಲ್ಲ. ಬೇಕಾದದ್ದು ಕಳ್ಳನಲ್ಲ, ಸೀಸೆ. ಕಳ್ಳ ಎದುರಿಗಿದ್ದ, ಸೀಸೆ ಎಲ್ಲೂ ಇರಲಿಲ್ಲ.

ಸದ್ದು ಕೇಳಿ ಡಾಕ್ಟರಮ್ಮ ಬಂದರು. ಬೈಯಲಿಕ್ಕೆಂದೇ ಬಂದವರು ದೊಡ್ಡಣ್ಣನನ್ನು ನೋಡಿ ನಿಂತರು. ಹತ್ತಿರ ಬಂದು ಹಣೆ ಮುಟ್ಟಿದರು, ಕೈ ಹಿಡಿದು ನಾಡಿ ನೋಡಿದರು.

"ಇವರೂ ಅದೇ ಪ್ಲೇಟನ್ನ ಮೂಸಿದಾರಾ?"

"ಹೌದು," ಎಂದ ದೊಡ್ಡಣ್ಣ.

"ಏನು ಮಾತ್ರೆ ತಗೊಂಡ್ರಿ?"

"ಜ್ವರದ ಮಾತ್ರೆ. ಅಷ್ಟೇ."

"ಬೇರೆ ಯಾವ ಡಾಕ್ಟರಿಗೂ ತೋರಿಸಲಿಲ್ವಾ? ನಿಜ ಹೇಳಿ. ರೋಗಾಣು ಕೊಲ್ಲೋ ಮಾತ್ರೆ ಒಂದಾದರೂ?"

"ಇಲ್ಲ ಮೇಡಂ. ತೋರಿಸಿದ್ರೆ ಏನು ಮುಟ್ಟಿದ್ರಿ ಅಂತ ಕೇಳ್ತಿದ್ರು."

ಡಾಕ್ಟರಮ್ಮ ಇನ್‌ಸ್ಪೆಕ್ಟರನ ಕಡೆ ತಿರುಗಿದರು. ಅಷ್ಟು ಹೊತ್ತಿಗೆ ಅವನಿಗೂ ಅರ್ಥವಾಗಿತ್ತು. ಮದ್ದು ತಾಗದ ರೋಗಾಣು ಒಂದೇ ಕಡೆ ಜೀವಂತವಾಗಿ ಉಳಿದಿತ್ತು. ಎಲ್ಲ ಕಡೆ ಸ್ವಚ್ಛ ಮಾಡಿ ಬಂದ ಮನುಷ್ಯನ ರಕ್ತದಲ್ಲಿ.

"ಒಪ್ಪಿಗೆ ಬೇಕು," ಎಂದ ಇನ್‌ಸ್ಪೆಕ್ಟರ್. "ನಿಮ್ಮ ರಕ್ತ ನಿಮ್ಮ ವಿರುದ್ಧವೇ ಸಾಕ್ಷಿ ಆಗುತ್ತೆ. ಬೇಡ ಅನ್ನೋ ಹಕ್ಕು ನಿಮಗಿದೆ. ನೀವು ಬೇಡ ಅಂದ್ರೆ ನಾನು ಕೋರ್ಟಿಗೆ ಹೋಗಬೇಕು, ಅದಕ್ಕೆ ಸಮಯ ಹಿಡಿಯುತ್ತೆ. ಅವನಿಗೆ ಸಮಯ ಇಲ್ಲ."

ದೊಡ್ಡಣ್ಣ ತೋಳಿನ ಗುಂಡಿಗೆ ಕೈ ಹಾಕಿದ. ಬೆವರಿಗೆ ಅದು ಜಾರಿತು. ಮಹಿಳಾ ಕಾನ್‌ಸ್ಟೆಬಲ್ ಬಂದು ಬಿಚ್ಚಿದಳು. "ಎರಡೂ ತೋಳಿಂದ ತಗೊಳ್ಳಿ," ಎಂದ. "ಸೀಸೆ ಮೇಲೆ ಅನುಮಾನ ಏನು ಅಂತ ದೊಡ್ಡದಾಗಿ ಬರೀರಿ. ಅಲ್ಲಿನ ಹುಡುಗರು ಮುಚ್ಚಳ ತೆಗೆದು ಮೂಸಬಾರದು."

ಅವನನ್ನು ಅದೇ ಮಹಡಿಯ ಒಂಟಿ ಕೋಣೆಯಲ್ಲಿ ಪೊಲೀಸ್ ಕಾವಲಿನಲ್ಲಿ ಮಲಗಿಸಲಾಯಿತು. ರಕ್ತ ಬೇರೆ ಊರಿನ ದೊಡ್ಡ ಪ್ರಯೋಗಾಲಯಕ್ಕೆ ಹೋಯಿತು. ಮೇಲಧಿಕಾರಿ ಕೊಟ್ಟಿದ್ದ ಎರಡು ದಿನ ಮುಗಿಯಿತು. ಮುಚ್ಚಿ ಹಾಕಿದೆಯಾ ಎಂದು ಕೇಳಿದ್ದಕ್ಕೆ, ಬೆಳೀತಾ ಇದೆ ಸಾರ್ ಎಂದು ಇನ್‌ಸ್ಪೆಕ್ಟರ್ ಫೋನಿಟ್ಟ. ಶನಿವಾರ ವರದಿ ಬಂತು. ಡಾಕ್ಟರಮ್ಮನ ಅನುಮಾನವೇ ಸರಿ. ಯಾವ ಮೂರು ಔಷಧಿಗೆ ಬಗ್ಗುತ್ತದೆ ಎಂಬುದೂ ಅದರಲ್ಲಿತ್ತು. ಅಂದೇ ಇಬ್ಬರಿಗೂ ಔಷಧಿ ಶುರುವಾಯಿತು, ಅದೇ ಅಳತೆಯಲ್ಲಿ. ಮುಂದಿನ ವಾರದಲ್ಲಿ ತಮ್ಮನ ಜ್ವರ ಇಳಿಯಿತು. ಎಡಗಾಲಿನ ಹೆಬ್ಬೆರಳನ್ನು ಅವನು ತಾನಾಗಿ ಆಡಿಸಿದ್ದನ್ನು ನೋಡಿ ಅಕ್ಕ ಇಡೀ ವಾರ್ಡಿಗೆ ಕೇಳುವ ಹಾಗೆ ಅತ್ತಳು. ನಡೆಯಲು ತಿಂಗಳುಗಳೇ ಬೇಕು, ಆದರೆ ನಡೆಯುತ್ತಾನೆ ಎಂದರು ಡಾಕ್ಟರಮ್ಮ.

ಆಮೇಲೆ ಆಕೆ ಕಣ್ಣೊರೆಸಿಕೊಂಡು ಫ್ಯಾನಿನ ವೈರು ಕಿತ್ತಳು. ಅದನ್ನು ಎತ್ತಿಕೊಂಡು ಒಂಟಿ ಕೋಣೆಗೆ ಹೋದಳು. ಕಾವಲಿಗಿದ್ದ ಹೆಡ್ ಕಾನ್‌ಸ್ಟೆಬಲ್ ತಡೆಯಲಿಲ್ಲ.

"ತಗೊಳ್ಳಿ. ನಿಮ್ಮದು ನಮಗೆ ಬೇಡ," ಎಂದು ಫ್ಯಾನನ್ನು ಮಂಚದ ಬುಡದಲ್ಲಿ ಕುಕ್ಕಿದಳು. "ಅಣ್ಣ ಅಂತಿದ್ವಲ್ರೀ ನಿಮ್ಮನ್ನ."

ದೊಡ್ಡಣ್ಣ ಗೋಡೆಯ ಕಡೆ ಮುಖ ಮಾಡಿದ. ಬೆವರು ಅವನ ಕಿವಿಯ ಹಿಂದಿನಿಂದ ದಿಂಬಿಗೆ ಇಳಿಯುತ್ತಿತ್ತು. ಆಕೆ ಬಾಗಿಲವರೆಗೆ ಹೋಗಿ ನಿಂತಳು. ಬೈದುಕೊಳ್ಳುತ್ತಲೇ ತಿರುಗಿ ಬಂದು, ವೈರನ್ನು ಸಾಕೆಟ್ಟಿಗೆ ಸಿಕ್ಕಿಸಿ, ಗುಂಡಿ ಒತ್ತಿ ಹೋದಳು.

ದಸ್ತಗಿರಿಯ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಇನ್‌ಸ್ಪೆಕ್ಟರ್ ಬಂದದ್ದು ಆ ಮಧ್ಯಾಹ್ನವೇ. ಸಹಿಯಾದ ಮೇಲೂ ಎದ್ದು ಹೋಗಲಿಲ್ಲ.

"ಒಂದು ಕೇಳ್ತೀನಿ. ಕಲಮುಗಳಿಗೆ ಬೇಕಾಗಿಲ್ಲ, ನನಗೆ ಬೇಕು. ಮಷೀನು ತಪ್ಪು ಹೇಳಿತ್ತು. ಅವನು ತಾನೇ ಮೂಸಿದೆ ಅಂತಾನೆ. ನಿಮ್ಮ ತಲೆಗೆ ಏನೂ ಬರ್ತಿರಲಿಲ್ಲ. ಯಾಕೆ ಹೀಗೆ ಮಾಡಿದ್ರಿ?"

ದೊಡ್ಡಣ್ಣ ಫ್ಯಾನಿನ ಕಡೆ ತಿರುಗಿದ.

"ಅವನು ತಾನೇ ಮೂಸಲಿಲ್ಲ. ನಾನು ಮೂಸಿಸಿದೆ. ಮೊದಲು ನಾನೇ ನೋಡಿದೆ, ನನಗೇನೂ ಬರಲಿಲ್ಲ. ಏನೂ. ಅಷ್ಟು ದಟ್ಟವಾಗಿ ಬೆಳೆದಿದೆ, ವಾಸನೆಯೇ ಇಲ್ಲ. ಮೂಗು ಹೋಯ್ತು ಅಂದ್ಕೊಂಡೆ ಸಾರ್. ಆ ಲ್ಯಾಬಲ್ಲಿ ನಾನಂದ್ರೆ ನನ್ನ ಮೂಗು. ಬೇರೆ ಊರುಗಳಿಂದ ಕರೆಸ್ಕೊಳ್ತಿದ್ರು. ಅದಕ್ಕೇ ಅವನನ್ನ ಕರೆದು, ನಿನಗೇನು ಬರುತ್ತೆ ನೋಡು ಅಂತ ಪ್ಲೇಟನ್ನ ಅವನ ಮೂಗಿಗೆ ಹಿಡಿದೆ. ಏನೂ ಬರ್ತಿಲ್ಲ ಅಣ್ಣ ಅಂದ. ಸರಿಯಾಗಿ ಎಳಿ ಅಂದೆ. ಮತ್ತೆ ಎಳೆದ. ಲ್ಯಾಬಿನ ಮೇಡಂ ಕೇಳಿದಾಗ, ಮಣ್ಣಿನ ವಾಸನೆ ಇದೆ, ಮಷೀನು ಹೇಳಿದ್ದು ಸರಿ ಅಂದ್ಬಿಟ್ಟೆ. ಅವನು ನನ್ನ ಮುಖ ನೋಡಿ ಸುಮ್ಮನಾದ. ಅವನು ಮಲಗಿದ ಮೇಲೆ ಅದನ್ನ ಹೇಗೆ ಹೇಳಲಿ? ಸೀಸೆ ಇಲ್ಲದೆ ಹೋದ್ರೆ ನಾನು ಹೇಳಿದ್ದು ಸುಳ್ಳು ಅಂತ ಯಾರಿಗೂ ಗೊತ್ತಾಗಲ್ಲ ಅನ್ನಿಸ್ತು. ಅಂಗಡೀಲೂ ಮೂಸಿ ನೋಡಿದೆ. ಅಲ್ಲೂ ಬರಲಿಲ್ಲ."

ಇನ್‌ಸ್ಪೆಕ್ಟರ್ ಕಾಗದಗಳನ್ನು ಮಡಿಸಿ ಜೇಬಿಗಿಟ್ಟ. ಹೇಳುವುದೋ ಬೇಡವೋ ಎಂದು ಬಾಗಿಲ ಹತ್ತಿರ ತಡೆದು ನಿಂತ. ಡಾಕ್ಟರಮ್ಮ ಬೆಳಿಗ್ಗೆಯಷ್ಟೇ ಮಾತಿನ ನಡುವೆ ಅವನಿಗೆ ಹೇಳಿದ್ದ ವಿಷಯ ಅದು. ಇಷ್ಟೆಲ್ಲ ಅಲೆದಾಡಿಸಿದ ಸಿಟ್ಟು ಅವನಲ್ಲಿ ಇನ್ನೂ ಇತ್ತು, ಆ ಸಿಟ್ಟಿನಲ್ಲೇ ಹೇಳಿದ.

"ಅದಕ್ಕೆ ವಾಸನೆ ಇಲ್ಲವಂತೆ."

"ಯಾವುದಕ್ಕೆ?"

"ಆ ರೋಗಾಣುವಿಗೆ. ಯಾರು ಮೂಸಿದರೂ ಏನೂ ಬರಲ್ಲವಂತೆ. ನಿಮ್ಮ ಮೂಗು ಸರಿಯಾಗೇ ಇತ್ತು."

ದೊಡ್ಡಣ್ಣ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ. ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೆಬಲ್‌ಗೆ, ಇವರಿಗೆ ಔಷಧಿ ಹೊತ್ತು ಹೊತ್ತಿಗೆ ಕೊಡಿಸು ಎಂದು ಹೇಳಿ ಮೆಟ್ಟಿಲಿಳಿದ.